ಮೂರು ನಂಬರಿಗಷ್ಟೇ ಜಾಗ

ಸಿಂಧನೂರಿನಲ್ಲಿ ಶಿವಕಾಂತ ಸರ ಅವರ ಯುಪಿಎಸ್ ಅಂಗಡಿಗೆ ನಾನು ಸೇರಿದ್ದು ಬಿಲ್ ಬರೆಯುವುದಕ್ಕೆ. ಕಂಪ್ಯೂಟರ್ ಓದಿದವಳು ಎಂದು ತಿಳಿದ ಮೇಲೆ ಸಾಲ-ಠೇವಣಿಯ ಒಂದು ಸೌಹಾರ್ದ ಸಹಕಾರಿ ಸಂಘದ ಕೆಲಸವನ್ನು ನನ್ನ ಮುಂದಿಟ್ಟರು. ಸಂಘಕ್ಕೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಶಾಖೆಗಳು. ಮೂರೂ ಕಡೆಯ ಯುಪಿಎಸ್‌ಗಳು ತಮ್ಮ ಬ್ಯಾಟರಿಯ ಸುದ್ದಿಯನ್ನು ಸಿಂಧನೂರಿನ ಒಂದು ಸರ್ವರಿಗೆ ಮುಟ್ಟಿಸುತ್ತಿರಬೇಕು. ಕರೆಂಟ್ ಹೋದಾಗ ಬ್ಯಾಟರಿ ಮುಗಿಯುವ ಮೊದಲೇ ಆ ಸರ್ವರ್ ಶಾಖೆಯ ಕಂಪ್ಯೂಟರುಗಳನ್ನು ಸರಿಯಾಗಿ ಬಂದ್ ಮಾಡಿಸಿ, ಉಸ್ತುವಾರಿಯವರ ಮೊಬೈಲಿಗೆ ಮೆಸೇಜ್ ಕಳಿಸಬೇಕು.

"ಇದೊಂದು ನಡಸಿ ತೋರ್ಸು ಭುವನೇಶ್ವರಿ, ಮೂರೂ ಬ್ರ್ಯಾಂಚಿನ ಉಸ್ತುವಾರಿ ನಿನಗ" ಎಂದರು.

ಆ ಮಾತು ನನಗೆ ಬೇಕಿತ್ತು. ಬಿಲ್ ಬರೆಯುವವಳನ್ನು ಯಾವ ಮುಂಜಾನೆಯಾದರೂ 'ಇವತ್ತಿಂದ ಬ್ಯಾಡ' ಎಂದು ಮನೆಯಲ್ಲಿ ಉಳಿಸಿಕೊಳ್ಳಬಹುದು. ಉಸ್ತುವಾರಿಯವಳನ್ನು ಹಾಗೆ ತಡೆಯಲು ಅಣ್ಣನೂ ಸ್ವಲ್ಪ ಯೋಚಿಸುತ್ತಾನೆ. ನಮ್ಮೂರು ತುರ್ವಿಹಾಳದಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಕೈಪಿಡಿ ಓದಿದೆ. ಪ್ರತಿ ಯುಪಿಎಸ್‌ಗೂ ವಿಳಾಸ ಕೊಟ್ಟೆ, ಪಾಸ್‌ವರ್ಡ್ ಕೊಟ್ಟೆ. ಲಿಂಗಸುಗೂರಿನಲ್ಲಿ ಮೇನ್ ಸ್ವಿಚ್ ಆರಿಸಿ ನೋಡಿದಾಗ ಕಂಪ್ಯೂಟರುಗಳು ಒಂದೊಂದಾಗಿ ಬಂದ್ ಆದವು. ಉಂಡವರೆಲ್ಲ ಎದ್ದ ಮೇಲೆ ಬಡಿಸಿದವಳು ಕೈ ತೊಳೆಯುವ ಹಾಗೆ, ಶಾಖೆಯ ದೊಡ್ಡ ಕಂಪ್ಯೂಟರು ಎಲ್ಲಕ್ಕೂ ಕೊನೆಗೆ.

ಕೊನೆಯಲ್ಲಿ ಉಳಿದದ್ದು ಮೆಸೇಜ್ ಹೋಗಬೇಕಾದ ನಂಬರುಗಳು. ಮೂರಕ್ಕೆ ಜಾಗವಿತ್ತು. ಸರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ಮೊದಲನೇದಕ್ಕ ನಂದು ಹಾಕ್ಲೇನ್ರಿ ಸರ?"

"ಏ, ನಿಂದ್ಯಾಕವ್ವ? ಹೆಣ್ಣುಮಗಳು ನೀ. ಹೊತ್ತಲ್ಲದ ಹೊತ್ತಿನಾಗ ಫೋನ್ ಟಣ್ ಅಂದ್ರ ಮನ್ಯಾಗ ಏನಂತಾರ? ಅನಿಲಂದು ಹಾಕು."

ಅನಿಲಕುಮಾರ ಎಂದರೆ ಸರ ಅವರ ಅಕ್ಕನ ಮಗ; ಬೈಕಿನ ಮೇಲೆ ಊರೂರು ತಿರುಗಿ ಇನ್ವರ್ಟರ್ ಮಾರುವವನು.

"ಎರಡನೇದ್ರೀ?"

"ನಂದಿರ್ಲಿ."

"ಇನ್ನೊಂದು ಉಳೀತೈತ್ರೀ..."

"ಮಸ್ಕಿ ವಾಚ್‌ಮನ್ ಅದಾನಲ್ಲ, ಜಂಬಣ್ಣ. ಅವಂದು ಹಾಕು. ಅಲ್ಲೇ ಬಿದ್ದಿರ್ತಾನ."

ಮೆಸೇಜ್ ಹೋಗುವುದು ಇಂಗ್ಲಿಷಿನಲ್ಲಿ, ಜಂಬಣ್ಣನಿಗೆ ಅದನ್ನು ಓದಲು ಬರುವುದಿಲ್ಲ ಎಂದು ಹೇಳಬೇಕೆಂದುಕೊಂಡೆ. ಆದರೂ ಅವನ ನಂಬರನ್ನೇ ಟೈಪ್ ಮಾಡಿದೆ.

ಆಮೇಲೆ ಕರೆಂಟ್ ಹೋದಾಗಲೆಲ್ಲ ಅನಿಲಕುಮಾರ ಮೊಬೈಲನ್ನು ನನ್ನ ಟೇಬಲ್ಲಿಗೆ ತರುತ್ತಿದ್ದ. "ಇದೇನ್ ಬಂದೈತಿ ನೋಡ್ ಭುವನಾ." ನಾನು ಮೆಲ್ಲಗೆ ಹೇಳಿದ್ದನ್ನು ಅವನು ಸಂಘಕ್ಕೆ ಫೋನ್ ಹಚ್ಚಿ ಜೋರಾಗಿ ಹೇಳುತ್ತಿದ್ದ. "ನಿಮ್ಮ ಹುಡುಗ ಕುಂತಲ್ಲೇ ಎಲ್ಲಾ ಕಾಣ್ತಾನ್ರಿ" ಎಂದು ಸಂಘದವರು ಹೊಗಳಿದರು. ಸರ ಮಿರ್ಚಿ ಭಜಿ ತರಿಸಿ ಹಂಚಿದರು. ನನಗೂ ಒಂದು ಬಂತು.

ಒಂದು ದಿನ ಸರ್ವರಿನ ಪರದೆಯಲ್ಲಿ ಮಸ್ಕಿಯ ಸಾಲು ಕೆಂಪಾಗಿತ್ತು.

"ಸರ, ಮಸ್ಕಿ ಬ್ಯಾಟರಿ ಮುಗದೈತ್ರಿ. ಬದ್ಲಿ ಮಾಡ್ಬೇಕು."

"ಅನಿಲಗ ಬಂದಿರ್ತೈತಲ್ಲ, ಅಂವ ನೋಡ್ತಾನ. ಆ ಸೋಲಾರದ ಬಿಲ್ ಮುಗೀತೇನು?"

ಮರುದಿನ ಮತ್ತೆ ಹೇಳಿದೆ. ತಲೆ ಎತ್ತದೆ "ಹ್ಞೂಂ" ಎಂದರು. ಅವರ ಮೊಬೈಲಿಗೂ ಮೆಸೇಜ್ ಹೋಗಿತ್ತು; ತೆರೆದು ನೋಡಿರಲಿಲ್ಲ.

ಮಸ್ಕಿಯ ಸಂತೆಯ ದಿನ, ಶಾಖೆ ತುಂಬ ಜನರಿದ್ದಾಗಲೇ ಕರೆಂಟ್ ಹೋಯಿತು. ಬ್ಯಾಟರಿ ಒಂದು ನಿಮಿಷವೂ ತಾಳಲಿಲ್ಲ. ಕಂಪ್ಯೂಟರುಗಳನ್ನು ಬಂದ್ ಮಾಡಿಸಲು ಸರ್ವರಿಗೆ ಪುರುಸೊತ್ತೇ ಸಿಗಲಿಲ್ಲ. ಮುಂಜಾನೆಯಿಂದ ಬರೆದುಕೊಂಡ ಲೆಕ್ಕವೆಲ್ಲ ಹಾಳಾಯಿತು. ಮಸ್ಕಿಯ ಮ್ಯಾನೇಜರ್ ಸುರೇಖಾ ಮೇಡಂ ಫೋನ್ ಮಾಡಿದರು. ಸರ ಸ್ಪೀಕರ್ ಹಾಕಿದರು.

"ಜನಾ ಮೈಮ್ಯಾಲೆ ಬರಾಕತ್ತಾರ್ರೀ! ಮೆಸೇಜ್ ಬರ್ತೈತಿ ಅಂದಿದ್ರಲ್ಲ, ಏನಾತು?"

ಸರ ಅನಿಲಕುಮಾರನ ಮುಖ ನೋಡಿದರು. "ದಿನಾ ಅದ ಮೆಸೇಜ್ ಮಾವಾ, ತಲಿ ತಿಂತಿತ್ತು. ಬ್ಲಾಕ್ ಮಾಡಿದ್ದೆ" ಎಂದು ಅವನು ಪಿಸುಗುಟ್ಟಿದ. "ಮಂಗ್ಯಾ" ಎಂದು ದನಿ ಹೊರಡಿಸದೆ ಬಾಯಿ ಆಡಿಸಿ ಸರ ಫೋನಿನ ಕಡೆ ತಿರುಗಿದರು.

"ಸೆಟಿಂಗ್ ಒಂದು ಹುಡುಗಿ ಮಾಡ್ಯಾಳ್ರೀ ಮೇಡಂ. ಹೊಸಾಕಿ."

"ಹೌದಾ? ಆಕಿ ನಂಬರ್ ಕೊಡ್ರಿ, ನಾ ಮಾತಾಡ್ತೀನಿ."

"ಬರ್ಕೋರಿ" ಎಂದು ಹತ್ತೂ ಅಂಕಿಗಳನ್ನು ನಿಧಾನವಾಗಿ, ಎರಡು ಸಲ ಓದಿ ಹೇಳಿದರು. ಮನೆಯಲ್ಲಿ ಏನಂತಾರೆ ಎಂಬುದು ಆಗ ಅವರಿಗೆ ನೆನಪಾಗಲಿಲ್ಲ.

ಮೇಡಂ ನನ್ನನ್ನು ಕೇಳಿದ್ದು ಒಂದೇ ಮಾತು. "ಬ್ಯಾಟರಿ ಸತ್ತದ್ದು ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರೀ. ಸರಗ ಹೇಳಿದ್ದೆ..."

"ಅವರಿಗೆ ಹೇಳಿದ್ರ ನನಗ ಹೇಳಿದಂಗಾತೇನು?"

ಮಸ್ಕಿಗೆ ಹೊಸ ಬ್ಯಾಟರಿ ಬಂತು, ಉಸ್ತುವಾರಿ ಅನಿಲಕುಮಾರನ ಹೆಸರಿಗೆ ಹೋಯಿತು. "ನಿನಗ ಭಾಳ ಭಾರ ಆಗ್ತೈತವ್ವ, ನೀ ಬಿಲ್ ಬರಿ" ಎಂದರು ಸರ. ಆದರೆ ಮಸ್ಕಿಯವರ ಹತ್ತಿರ ಈಗ ಇದ್ದದ್ದು ನನ್ನ ನಂಬರು. ಯುಪಿಎಸ್ ಕುಂಯ್ ಎಂದರೂ ಜಂಬಣ್ಣ ನನಗೇ ಫೋನ್ ಮಾಡುತ್ತಿದ್ದ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅವನ ಫೋನ್ ಬಂತು. ಅಣ್ಣನೇ ಎತ್ತಿದ. ಗಂಡಸಿನ ದನಿ ಕೇಳಿ ನನ್ನ ಮುಖ ನೋಡಿದ.

"ಯಾರಲೇ ನೀ? ಇಷ್ಟೊತ್ತಿನಾಗ ನಮ್ಮ ತಂಗಿ ಜೋಡಿ ಏನೈತಿ ನಿನಗ ಮಾತು?" ಎಂದು ಕೂಗಿ ಕಟ್ ಮಾಡಿದ. ಅವ್ವ ರೊಟ್ಟಿ ಹಾಕುತ್ತಿದ್ದ ಕೈ ನಿಲ್ಲಿಸಿದಳು. ಅದು ವಾಚ್‌ಮನ್, ಮುದುಕ ಎಂದೆ. ಯಾರೂ ಕೇಳಲಿಲ್ಲ.

"ನಾಳಿಂದ ಅಂಗಡಿ ಬ್ಯಾಡ" ಎಂದ ಅಣ್ಣ.

ಇವತ್ತು ಮುಂಜಾನೆ ಸಿಂಧನೂರಿನ ಬಸ್ ನಾನಿಲ್ಲದೆ ಹೋಯಿತು. ಮಧ್ಯಾಹ್ನ ಅನಿಲಕುಮಾರನ ಮೆಸೇಜ್ ಬಂತು: 'ಸರ್ವರ್ ಪಾಸ್‌ವರ್ಡ್ ಏನಿತ್ತು? ಅರ್ಜೆಂಟ್.'

ಅಣ್ಣ ಮನೆಯಲ್ಲಿರಲಿಲ್ಲ. ನನ್ನ ಬಳಿ ಉಳಿದಿದ್ದ ಅದೊಂದನ್ನೂ, ಒಂದಕ್ಷರ ತಪ್ಪದಂತೆ ಕಳಿಸಿದೆ.