ಮೇಕನ್‌ನ ಅಡುಗೆಮನೆಯಲ್ಲಿ ಕೊಟ್ಟ ಮಾತು

ಟೀವಿಯಲ್ಲಿ ಒಂಬತ್ತನೆಯ ಹೆಸರು ಓದಿದಾಗ ಎಮೆಟ್ ಡ್ರಿಸ್ಕಲ್‌ನ ಕುರ್ಚಿ ಮುಂದಕ್ಕೆ ಸರಿಯಿತು. ಅದು ಲೂಕಾಸ್ ಬ್ರಾಂಟ್‌ನ ಹೆಸರಾಗಬೇಕಿತ್ತು, ಆಗಲಿಲ್ಲ. ಏಳಡಿ ಎತ್ತರದ ಆ ಹುಡುಗ ಮೊದಲ ಐದರೊಳಗೇ ಹೋಗುತ್ತಾನೆಂದು ಇಡೀ ದೇಶ ಹೇಳಿತ್ತು. ಈಗ ನೋಡಿದರೆ ಒಂಬತ್ತು ತಂಡಗಳು ಒಂಬತ್ತು ಕಾರಣಕ್ಕೆ ಅವನನ್ನು ದಾಟಿ ಮುಂದೆ ಹೋಗಿದ್ದವು. ಎಮೆಟ್ ಹುಡುಗರನ್ನು ಹುಡುಕಿಕೊಡುತ್ತಿದ್ದ ಟಕೋಮಾ ಬ್ಯಾಸ್ಕೆಟ್‌ಬಾಲ್ ತಂಡದ ಸರದಿ ಹನ್ನೊಂದನೆಯದು.

ತಂಡದ ಆಫೀಸಿನ ಕೋಣೆಯಲ್ಲಿ ಎಲ್ಲರೂ ಟೀವಿಯ ಮುಂದೆ ಕೂತಿದ್ದರು. ಗೋಡೆಯ ಕಬ್ಬಿಣದ ಹಲಗೆಯ ಮೇಲೆ ಹುಡುಗರ ಹೆಸರು ಬರೆದ ಅಯಸ್ಕಾಂತದ ಬಿಲ್ಲೆಗಳು ಅಂಟಿಕೊಂಡಿದ್ದವು. ಬ್ರಾಂಟ್‌ನ ಬಿಲ್ಲೆ ಮೇಲಿನಿಂದ ನಾಲ್ಕನೆಯದು. ಬಹಳ ಕೆಳಗೆ, ಹನ್ನೊಂದರ ಜಾಗದಲ್ಲಿ, ಎಮೆಟ್ ತಾನೇ ಕೈಯಾರೆ ಅಂಟಿಸಿದ ಬಿಲ್ಲೆ ಇತ್ತು: ಮಾರ್ಲನ್ ಟಿಬ್ಸ್.

ತಂಡದ ಮುಖ್ಯಸ್ಥ ರೋಲಂಡ್ ವಾಯ್ಟ್ ಆ ನಾಲ್ಕನೆಯ ಬಿಲ್ಲೆಯನ್ನೇ ನೋಡುತ್ತಿದ್ದ. ಹಸಿದ ಮನುಷ್ಯ ಪಕ್ಕದ ತಟ್ಟೆ ನೋಡುವ ಹಾಗೆ ನೋಡುತ್ತಿದ್ದ. ಎಮೆಟ್‌ಗೆ ಆ ನೋಟದ ಪರಿಚಯ ಚೆನ್ನಾಗಿಯೇ ಇತ್ತು.

ಈ ಕಸುಬಿನಲ್ಲಿ ಗುಟ್ಟಾಗಿ ಮಾತು ಕೊಡುವುದೊಂದು ರೂಢಿ. ಕಾಲೇಜು ಮುಗಿಸಿದ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ದಿನ ಬರುವ ಮುಂಚೆ, ಎಲ್ಲ ತಂಡಗಳೂ ಹುಡುಗರನ್ನು ಊರೂರಿಗೆ ಕರೆಸಿ, ಓಡಿಸಿ, ಹಾರಿಸಿ, ವೈದ್ಯರಿಂದ ಮುಟ್ಟಿಸಿ ನೋಡುತ್ತವೆ. ಆಗ ಯಾವುದಾದರೂ ತಂಡಕ್ಕೆ ಒಬ್ಬ ಹುಡುಗ ಹಿಡಿಸಿಬಿಟ್ಟರೆ, ಅವನ ಮನೆಗೆ ಒಬ್ಬರನ್ನು ಕಳಿಸಿ, ನಮ್ಮ ಸರದಿ ಬಂದಾಗ ನೀನಿದ್ದರೆ ನೀನೇ ನಮ್ಮವನು ಎಂದು ಹೇಳಿಸುತ್ತದೆ. ಹುಡುಗ ಅಲ್ಲಿಂದಾಚೆ ಬೇರೆ ಯಾರಿಗೂ ಮುಖ ತೋರಿಸುವುದಿಲ್ಲ. ತೋರಿಸಿದರೆ ಇನ್ನೊಬ್ಬರು ಎಗರಿಸಿಕೊಂಡು ಹೋಗುತ್ತಾರೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಬರೀ ಬಾಯಿಮಾತು.

ಮೇ ತಿಂಗಳ ಕೊನೆಯಲ್ಲಿ ಆ ಬಾಯಿಮಾತನ್ನು ಹೊತ್ತು ಜಾರ್ಜಿಯಾದ ಮೇಕನ್‌ಗೆ ಹೋದವನು ಎಮೆಟ್. ಕಳಿಸಿದವನು ರೋಲಂಡ್.

ಮಾರ್ಲನ್‌ನ ತಾಯಿ ವರ್ನೆಟಾ ಮೀನು ಹುರಿದು, ಜೋಳದ ಬ್ರೆಡ್ ಮಾಡಿದ್ದಳು. ಎಮೆಟ್ ತಿನ್ನುತ್ತಿದ್ದವನು ಫೋರ್ಕ್ ಕೆಳಗಿಟ್ಟು ವಿಷಯ ಹೇಳತೊಡಗಿದಾಗ ಅವಳು ಒಲೆ ಆರಿಸಿ ಎದುರಿಗೆ ಬಂದು ಕೂತಳು.

"ತಟ್ಟೆ ನೋಡ್ಕೊಂಡು ಹೇಳ್ಬೇಡಿ ಮಿಸ್ಟರ್ ಎಮೆಟ್. ಇಲ್ಲಿ, ನನ್ನ ಮುಖ ನೋಡ್ಕೊಂಡು ಹೇಳಿ."

ಎಮೆಟ್ ಮುಖ ನೋಡಿಯೇ ಹೇಳಿದ. "ಹನ್ನೊಂದರ ತನಕ ಇವನು ಉಳಿದ್ರೆ ನಮ್ಮೋನು, ಮಿಸ್ ವರ್ನೆಟಾ. ಮಾತು ಕೊಡ್ತೀನಿ."

"ಬೇರೆ ಟೀಮಿನೋರು ಕರೆದ್ರೆ ಏನನ್ಲಿ ಸರ್?" ಎಂದ ಮಾರ್ಲನ್.

"ಪಾದ ನೋವು ಅನ್ನು. ಓಡಕ್ಕಾಗಲ್ಲ ಅನ್ನು."

"ಸುಳ್ಳು ಹೇಳಿಸ್ತೀರಾ ನನ್ನ ಮಗನ ಹತ್ರ?" ವರ್ನೆಟಾ ಹುಬ್ಬು ಗಂಟಿಕ್ಕಿದಳು.

"ಈ ತಿಂಗಳು ಎಲ್ರೂ ಹೇಳೋ ಸುಳ್ಳು ಕಣಮ್ಮ ಇದು. ಇದ್ರಿಂದ ಯಾರಿಗೂ ಏನೂ ನೋವಾಗಲ್ಲ."

ಆ ಹುಡುಗನನ್ನು ಎಮೆಟ್ ಎರಡು ಚಳಿಗಾಲ ಹಿಂಬಾಲಿಸಿದ್ದ. ಚೆಂಡು ಕೈಯಲ್ಲಿದ್ದಾಗ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಚೆಂಡು ಇಲ್ಲದಾಗ ಮಾರ್ಲನ್‌ನನ್ನು ನೋಡಬೇಕು. ಎದುರಾಳಿ ಯಾವ ಕಡೆಯಿಂದ ನುಗ್ಗುತ್ತಾನೆಂದು ಜೊತೆಯವರಿಗೆ ಆಟದುದ್ದಕ್ಕೂ ಕೂಗಿ ಹೇಳುತ್ತಿರುತ್ತಾನೆ. ಆಟ ಮುಗಿಯುವ ಹೊತ್ತಿಗೆ ಅವನ ಗಂಟಲು ಕಟ್ಟಿ ದನಿಯೇ ಹೊರಡುವುದಿಲ್ಲ. ಎಮೆಟ್ ಅವನನ್ನು ಮೆಚ್ಚಿದ್ದು ಆ ಒಡೆದ ದನಿಗಾಗಿ.

ಹತ್ತನೆಯ ಹೆಸರು ಬಂತು. ಬ್ರಾಂಟ್ ಅಲ್ಲ.

ಕೋಣೆಯಲ್ಲಿ ಯಾರೋ ಸಿಳ್ಳೆ ಹೊಡೆದರು. ಟೀವಿಯ ಮೂಲೆಯಲ್ಲಿ ಟಕೋಮಾದ ಹೆಸರು ಮೂಡಿತು, ಅದರ ಕೆಳಗೆ ಐದು ನಿಮಿಷದ ಗಡಿಯಾರ ಹಿಂದಕ್ಕೆ ಓಡತೊಡಗಿತು.

"ಬ್ರಾಂಟ್," ಎಂದ ರೋಲಂಡ್.

"ರೋಲಂಡ್, ನಾವು ಮಾತು ಕೊಟ್ಟಿದೀವಿ."

"ಗೊತ್ತು ಕಣೋ. ಏಳಡಿ ಹುಡುಗ ಹನ್ನೊಂದಕ್ಕೆ ಬಂದು ಬಾಗಿಲು ತಟ್ತಾನೆ ಅಂತ ಯಾರಿಗೆ ಗೊತ್ತಿತ್ತು?"

"ಆ ಹುಡುಗ ಎಲ್ಲ ಬಾಗಿಲೂ ಹಾಕ್ಕೊಂಡು ಕೂತಿದಾನೆ. ನಾವು ಹೇಳಿದ್ವಿ ಅಂತ. ಬೇರೆ ಯಾರೂ ಅವನನ್ನ ಹತ್ತಿರದಿಂದ ನೋಡಿಲ್ಲ. ಈಗ ನಾವು ಬಿಟ್ರೆ ಎಲ್ಲಿಗೆ ಬೀಳ್ತಾನೋ."

"ಮೂವತ್ತರೊಳಗೆ ಯಾರಾದ್ರೂ ಎತ್ಕೋತಾರೆ ಬಿಡು."

"ಎತ್ಕೊಳ್ದೇ ಇದ್ರೆ?"

ರೋಲಂಡ್ ಹಲಗೆಯ ಕಡೆ ತಿರುಗಿದ. ಮೊದಲ ಸುತ್ತಿನ ಮೂವತ್ತರೊಳಗೆ ಬಂದವನಿಗೆ ಸಂಬಳ ಖಾತ್ರಿ, ಕಾಲು ಮುರಿದರೂ ಖಾತ್ರಿ. ಮೂವತ್ತು ದಾಟಿದವನಿಗೆ ಯಾವ ಖಾತ್ರಿಯೂ ಇಲ್ಲ. ಶಿಬಿರಕ್ಕೆ ಕರೆದು ಒಂದೇ ವಾರದಲ್ಲಿ ಬಸ್ಸು ಹತ್ತಿಸಿದರೂ ಕೇಳುವವರಿರುವುದಿಲ್ಲ. ಇದು ಆ ಕೋಣೆಯಲ್ಲಿ ಕಾಫಿ ತಂದುಕೊಡುವವರಿಗೂ ತಿಳಿದಿತ್ತು.

"ಅವನಮ್ಮನ ಮುಖ ನೋಡಿ ಹೇಳಿದ್ದು ನಾನು," ಎಂದ ಎಮೆಟ್. ಅವನ ದನಿ ಏರಿತ್ತು.

"ಅದೇ ಮತ್ತೆ. ಹೇಳಿದ್ದು ನೀನು." ರೋಲಂಡ್ ಎದ್ದು ಬ್ರಾಂಟ್‌ನ ಬಿಲ್ಲೆಯನ್ನು ಕಿತ್ತು ಅಂಗೈಯಲ್ಲಿ ಹಿಡಿದ. "ಫೋನ್ ಹಚ್ರೋ."

ಎಮೆಟ್‌ನ ಮೈ ಉರಿದುಹೋಯಿತು. ರೋಲಂಡ್‌ನ ಬಾಯಿಯ ಮಾತನ್ನು ತನ್ನ ಬಾಯಲ್ಲಿಟ್ಟುಕೊಂಡು ಅಷ್ಟು ದೂರ ಹೋಗಿಬಂದ ತನಗೆ ಇದು ಆಗಬೇಕಾದ್ದೇ ಎನಿಸಿತು. ಕುರ್ಚಿ ಹಿಂದಕ್ಕೆ ತಳ್ಳಿ ಹೊರಗೆ ನಡೆದ. ಯಾರೂ ತಡೆಯಲಿಲ್ಲ. ಎಲ್ಲರ ಕಣ್ಣೂ ಆ ಬಿಲ್ಲೆಯ ಮೇಲಿತ್ತು.

ಮೆಟ್ಟಿಲುಸಾಲಿನ ಕಿಟಕಿಯಲ್ಲಿ ಜೂನ್ ತಿಂಗಳ ಬಿಸಿಲು ಇನ್ನೂ ಬೆಳ್ಳಗಿತ್ತು. ಜೇಬಿನಲ್ಲಿ ಫೋನ್ ಅದುರಿತು. ವರ್ನೆಟಾ. ಎಮೆಟ್ ಅದನ್ನು ಕೈಯಲ್ಲಿ ಹಿಡಿದು, ನಿಲ್ಲುವವರೆಗೂ ನೋಡುತ್ತ ನಿಂತ. ಆಮೇಲೆ ಬೇರೊಂದು ನಂಬರು ಒತ್ತಿದ. ತನ್ನ ತಂಡದ ಒಳಗುಟ್ಟನ್ನು ಎದುರಾಳಿಗೆ ಹೇಳಿದ್ದು ಗೊತ್ತಾದರೆ ನಾಳೆ ಬೆಳಗ್ಗೆಯೇ ಅವನ ಮೇಜು ಖಾಲಿ. ಗೊತ್ತಾಗಲಿ ಎಂದುಕೊಂಡ.

ಟ್ಯಾಂಪಾ ತಂಡಕ್ಕೆ ಹುಡುಗರನ್ನು ಹುಡುಕಿಕೊಡುವ ಗಸ್ ಪೆಟ್ರಾಕಿಸ್ ಅವನ ಹಳೆಯ ಗೆಳೆಯ. ಊರೂರಿನ ಜಿಮ್ಮುಗಳಲ್ಲಿ ಒಂದೇ ಬೆಂಚಿನ ಮೇಲೆ ಕೂತು, ಒಬ್ಬರಿಗೊಬ್ಬರು ಸುಳ್ಳು ಹೇಳುತ್ತ ಇಬ್ಬರೂ ಮುದುಕರಾಗಿದ್ದರು. ಟ್ಯಾಂಪಾದ ಸರದಿ ಹದಿನಾಲ್ಕನೆಯದು.

"ಏನೋ ಮುದುಕ, ಬ್ರಾಂಟ್ ಸಿಕ್ಕಿದ ಖುಷೀಲಿ ಕುಣಿಯೋದು ಬಿಟ್ಟು ನನ್ನ ತಲೆ ಯಾಕೆ ತಿಂತೀಯ?"

"ಟಿಬ್ಸ್‌ನ ತಗೋ ಗಸ್. ಹದಿನಾಲ್ಕಕ್ಕೆ."

"ಏನಂದೆ?"

"ಅವನ ಪಾದಕ್ಕೆ ಏನೂ ಆಗಿಲ್ಲ. ಅದು ನಾವು ಹೇಳಿಸಿದ ಸುಳ್ಳು. ಮಾತು ಕೊಟ್ಟಿದ್ವಿ, ಈಗ ಕೈಕೊಟ್ವಿ. ಹುಡುಗ ಬಂಗಾರ ಕಣೋ."

"ಬಂಗಾರಾನ ನನ್ನ ಮನೆಗೆ ತಂದು ಪುಕ್ಕಟೆ ಕೊಡ್ತಿದೀಯ?"

"ಹೌದು."

ಗಸ್ ನಕ್ಕ. "ಹೋದ ವರ್ಷ ಆ ಎಡಗೈ ಹುಡುಗನ ವಿಷಯದಲ್ಲಿ ನನ್ನ ಕಿವೀಲಿ ಏನಂದಿದ್ದೆ? ಕುಡೀತಾನೆ, ಮುಟ್ಬೇಡ ಅಂದಿದ್ದೆ. ಅದೇ ಸಂಜೆ ನೀವೇ ಎತ್ಕೊಂಡ್ರಿ. ಅವನು ಸೋಡಾ ಬಿಟ್ಟು ಬೇರೇನೂ ಕುಡಿಯಲ್ಲ!"

"ಅದು ಬೇರೆ. ಇದು ನಿಜ. ದೇವರಾಣೆ."

"ಆಣೆ ಬೇರೆ ಇಡ್ತೀಯಾ? ಹಂಗಾದ್ರೆ ಗ್ಯಾರಂಟಿ ಪಾದ ಮುರಿದಿದೆ." ಫೋನ್ ಕಟ್ಟಾಯಿತು.

ಹದಿನಾಲ್ಕಕ್ಕೆ ಟ್ಯಾಂಪಾ ಬೇರೆ ಯಾರನ್ನೋ ಆರಿಸಿತು. ಎಮೆಟ್ ಹದಿನೇಳರವರಿಗೆ ಫೋನ್ ಮಾಡಿದ. ಆಮೇಲೆ ಇಪ್ಪತ್ತರವರಿಗೆ, ಇಪ್ಪತ್ತಮೂರರವರಿಗೆ. ಒಬ್ಬಳು ಪೂರ್ತಿ ಕೇಳಿಸಿಕೊಂಡು ಥ್ಯಾಂಕ್ಸ್ ಹೇಳಿದಳು. ಅವಳ ದನಿ ಕೇಳಿಯೇ ಅವನಿಗೆ ಗೊತ್ತಾಯಿತು, ನಂಬಿಲ್ಲ. ಇನ್ನೊಬ್ಬ, ನಿಮ್ಮ ರೋಲಂಡ್‌ಗೆ ಬೇರೆ ಉಪಾಯ ಹೊಳೀಲಿಲ್ವಾ ಎಂದು ಕೇಳಿದ. ಮಾತಾಡುತ್ತ ಮಾತಾಡುತ್ತ ಎಮೆಟ್ ಬೇಡಿಕೊಳ್ಳತೊಡಗಿದ. ಬೇಡಿಕೊಂಡಷ್ಟೂ ಅವರ ಅನುಮಾನ ಬಲಿಯಿತು. ನಡುನಡುವೆ ವರ್ನೆಟಾಳ ಹೆಸರು ಪರದೆಯ ಮೇಲೆ ಬಂದು ಬಂದು ಹೋಗುತ್ತಿತ್ತು. ಕೊನೆಗೆ ಅದೂ ನಿಂತಿತು.

ಮೂವತ್ತು ಹೆಸರು ಮುಗಿದವು. ಅವುಗಳಲ್ಲಿ ಮಾರ್ಲನ್ ಟಿಬ್ಸ್ ಇರಲಿಲ್ಲ.

ಎಮೆಟ್ ಮೆಟ್ಟಿಲ ಮೇಲೆ ಕುಸಿದು ಕೂತ. ಅವನಿಗೆ ಅಳು ಬಂತು. ಐವತ್ತೆಂಟರ ಗಂಡಸು ಆಫೀಸಿನ ಮೆಟ್ಟಿಲ ಮೇಲೆ ಕೂತು ಅಳುವುದನ್ನು ಯಾರಾದರೂ ನೋಡಿದರೆ ಎಂಬ ನಾಚಿಕೆಯೂ ಬಂತು. ಮುಖ ಒರೆಸಿಕೊಂಡು ಒಳಗೆ ಹೋಗಲು ತಡವೇ ಆಯಿತು.

ಬಾಗಿಲು ತೆರೆದರೆ ಒಳಗೆ ಚಪ್ಪಾಳೆ. ರೋಲಂಡ್ ಓಡಿಬಂದು ಅವನನ್ನು ತಬ್ಬಿಕೊಂಡ.

"ಎಲ್ಲಿಗೆ ಹೋಗಿದ್ಯೋ ಕಳ್ಳ! ಎರಡನೇ ಸುತ್ತಲ್ಲಿ, ನಲವತ್ತೊಂದಕ್ಕೆ ಟಿಬ್ಸ್‌ನ ತಗೊಂಡ್ವಿ! ಬ್ರಾಂಟೂ ನಮ್ಮೋನೇ, ಟಿಬ್ಸೂ ನಮ್ಮೋನೇ!"

"ತಗೊಂಡ್ರಾ?"

"ನಾಟಕ ಆಡ್ಬೇಡ. ಎರಡು ತಂಡದೋರು ಫೋನ್ ಮಾಡಿ ನಕ್ಕರು, ನಿಮ್ಮ ಎಮೆಟ್ ಮನೆಮನೆಗೂ ಹೋಗಿ ಟಿಬ್ಸ್‌ನ ಮಾರ್ತಿದಾನೆ ಅಂತ. ನಾನು ಬಾಯಿ ಮುಚ್ಕೊಂಡು ಸುಮ್ನಿದ್ದೆ. ಒಬ್ರೂ ಅವನನ್ನ ಮುಟ್ಟದ ಹಾಗೆ ಮಾಡಿಬಿಟ್ಯಲ್ಲ! ನನಗೂ ಒಂದು ಮಾತು ಹೇಳ್ಲಿಲ್ಲ!"

ಕೋಣೆಯವರೆಲ್ಲ ನಕ್ಕು ಅವನ ಬೆನ್ನು ತಟ್ಟಿದರು. ಎಮೆಟ್ ಹಲಗೆ ನೋಡಿದ. ಮಾರ್ಲನ್‌ನ ಬಿಲ್ಲೆ ಬ್ರಾಂಟ್‌ನ ಬಿಲ್ಲೆಯ ಕೆಳಗೆ, ತಂಡದ ಹೆಸರಿನಡಿ ಅಂಟಿತ್ತು. ಅಲ್ಲಿಗೆ ಅದು ಬರಲೆಂದೇ ಎರಡು ಚಳಿಗಾಲ ದುಡಿದಿದ್ದ. ಈಗ ನೋಡಲಾಗಲಿಲ್ಲ.

ಜೇಬಿನಲ್ಲಿ ಫೋನ್ ಅದುರಿತು. ಗಸ್. ಈ ಸಲ ಅವನ ದನಿಯಲ್ಲಿ ತಮಾಷೆಯಿರಲಿಲ್ಲ.

"ಇನ್ನು ಎಲ್ಲ ಮುಗೀತು, ಸುಳ್ಳು ಹೇಳಿ ಏನೂ ಸಿಗಲ್ಲ. ನಿಜ ಹೇಳು. ಅವನ ಪಾದ?"

"ಚೆನ್ನಾಗಿದೆ. ಆಗ್ಲೇ ಹೇಳಿದ್ನಲ್ಲ."

"ನಮ್ಮ ಗೋಡೆ ಮೇಲೆ ಹದಿನಾಲ್ಕಕ್ಕೆ ಅವನ ಹೆಸರೇ ಇತ್ತು ಎಮೆಟ್. ಈ ತಿಂಗಳು ಪಾದ ನೋವು ಅಂದ್ರೆ ಯಾರು ನಂಬ್ತಾರೆ? ನಾವೂ ನಂಬಿರ್ಲಿಲ್ಲ. ನೀನು ಫೋನ್ ಮಾಡಿ ನೋವಿಲ್ಲ ಅಂದ್ಯಲ್ಲ, ಆಗ ನೋವು ನಿಜ ಅಂತ ನಂಬಿದ್ವಿ. ಕಿತ್ತು ಹಾಕಿದ್ವಿ."

ಎಮೆಟ್ ಫೋನ್ ಇಳಿಸಿದ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಬಾಯಿ ಮುಚ್ಚಿಕೊಂಡು ಆ ಕುರ್ಚಿಯಲ್ಲಿ ಇನ್ನೊಂದು ಸ್ವಲ್ಪ ಹೊತ್ತು ಕೂತಿದ್ದರೆ ಹುಡುಗನ ಬದುಕು ದಡ ಸೇರುತ್ತಿತ್ತು. ಇಷ್ಟು ವರ್ಷ ಎಷ್ಟೋ ಜನರಿಗೆ ಸಲೀಸಾಗಿ ಸುಳ್ಳು ಹೇಳಿದವನು, ನಿಜ ಹೇಳಿದ ಒಂದು ದಿನ ಅದು ಯಾರ ಬುಡಕ್ಕೆ ಬಂತು!

ಮತ್ತೆ ಮೆಟ್ಟಿಲುಸಾಲಿಗೆ ಹೋಗಿ ಮೇಕನ್‌ಗೆ ಫೋನ್ ಮಾಡಿದ. ಎತ್ತಿದವಳು ವರ್ನೆಟಾ. ನೆಂಟರು, ನೆರೆಯವರು ಸೇರುತ್ತಾರೆಂದು ಅವಳು ಹೇಳಿದ್ದಳು. ಈಗ ಅವಳ ಹಿಂದೆ ಒಂದು ಸದ್ದೂ ಇರಲಿಲ್ಲ.

"ಹನ್ನೊಂದು ಅಂದಿದ್ರಿ ಮಿಸ್ಟರ್ ಎಮೆಟ್."

"ಹೌದಮ್ಮ."

"ಹನ್ನೊಂದಾದ್ಮೇಲೂ ನಾನು ಒಂದೊಂದೇ ಹೆಸರು ಕೇಳ್ತಾ ಕೂತಿದ್ದೆ." ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಫೋನನ್ನು ಮಗನ ಕೈಗೆ ಕೊಟ್ಟಳು.

"ಥ್ಯಾಂಕ್ಸ್ ಸರ್." ಅವತ್ತು ಆಟವೇ ಇರಲಿಲ್ಲ, ಆದರೂ ಮಾರ್ಲನ್‌ನ ಗಂಟಲು ಕಟ್ಟಿತ್ತು. "ಹೆಂಗೋ ಮಾತು ಉಳಿಸ್ಕೊಂಡ್ರಿ. ಎಲ್ರೂ ಬೇಡ ಅಂದ್ರು, ನೀವೊಬ್ರೇ ನನ್ನ ಬಿಡಲಿಲ್ಲ. ಅಮ್ಮನಿಗೂ ಅದನ್ನೇ ಹೇಳ್ತಿದ್ದೆ."

ಹೌದಪ್ಪ ಎಂದರೆ ಮುಗಿಯುತ್ತಿತ್ತು. ಹುಡುಗ ಜೀವನವಿಡೀ ಇವನನ್ನು ಹೊಗಳುತ್ತಿದ್ದ, ರೋಲಂಡ್ ಸಂಬಳ ಏರಿಸುತ್ತಿದ್ದ. ಎಮೆಟ್ ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇಲ್ಲ ಮಾರ್ಲನ್. ಹನ್ನೊಂದಕ್ಕೆ ನಾವೇ ನಿನ್ನ ಬಿಟ್ವಿ. ಹದಿನಾಲ್ಕಕ್ಕೆ ಟ್ಯಾಂಪಾದೋರು ನಿನ್ನ ತಗೊಳ್ಳೋರಿದ್ರು. ನಿನ್ನ ಪಾದ ಚೆನ್ನಾಗಿದೆ ಅಂತ ನಾನು ಫೋನ್ ಮಾಡಿ ಹೇಳ್ದೆ. ನಾನು ಹೇಳಿದ್ದಕ್ಕೇ ಅವರು ನಿನ್ನ ಬಿಟ್ರು. ಆಮೇಲೆ ಇನ್ನೂ ಮೂವರಿಗೆ ಹೇಳ್ದೆ. ಅವರೂ ಬಿಟ್ರು."

ಆ ಕಡೆ ದೂರದಲ್ಲಿ ವರ್ನೆಟಾ ಯಾವುದೋ ಪಾತ್ರೆ ಎತ್ತಿಟ್ಟ ಸದ್ದಾಯಿತು.

"ಇದನ್ನ ಅಮ್ಮನಿಗೆ ನಾನು ಹೇಳಲ್ಲ ಸರ್," ಎಂದ ಮಾರ್ಲನ್. "ಮೊದಲು ಬಂದಿದ್ರಲ್ಲ, ಹಂಗೇ ಬನ್ನಿ. ಅವಳ ಮುಖ ನೋಡ್ಕೊಂಡು ನೀವೇ ಹೇಳಿ."

"ಬರ್ತೀನಿ."

"ಮಾತು ಕೊಡ್ತಿದೀರಾ?"

ಎಮೆಟ್ ಬಾಯಿ ತೆರೆದ. ಆ ಪದ ಆಡಲು ಅವನಿಗೆ ನಾಚಿಕೆಯಾಯಿತು.

"ಇಲ್ಲಪ್ಪ," ಎಂದ. "ಬೆಳಗಿನ ಫ್ಲೈಟ್ ಹಿಡಿದು ಬರ್ತೀನಿ."