ಹನ್ನೊಂದು ಇಲಿಗಳ ಎದೆಬಡಿತ

ಗೂಡಣ್ಣ ಎಂಬ ಹೆಸರನ್ನು ತನಗೆ ಇಟ್ಟವರು ಯಾರೆಂಬುದು ಅವನಿಗೇ ಮರೆತುಹೋಗಿತ್ತು. ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿದ್ದ ಪ್ರಾಣಿಮನೆಯಲ್ಲಿ ಇಪ್ಪತ್ತೊಂದು ವರ್ಷಗಳಿಂದ ಇಲಿಗಳ ಗೂಡುಗಳನ್ನು ನೋಡಿಕೊಳ್ಳುತ್ತಿದ್ದ. ಮರದ ಹೊಟ್ಟು ಬದಲಿಸುವುದು, ನೀರಿನ ಬಾಟಲಿ ತೊಳೆಯುವುದು, ಯಾವ ತಾಯಿ ಯಾವತ್ತು ಮರಿ ಹಾಕಿತು ಎಂದು ಗೂಡಿನ ಚೀಟಿಯ ಮೇಲೆ ಬರೆಯುವುದು ಅವನ ಕೆಲಸ. ಇಲಿ ಕಿವಿಯನ್ನು ಹಿಂದಕ್ಕೆ ಮಡಚಿಕೊಂಡಿದ್ದರೆ ಅದಕ್ಕೆ ಮನಸ್ಸು ಸರಿಯಿಲ್ಲ ಎನ್ನುತ್ತಿದ್ದ. ವಿಜ್ಞಾನಿಗಳು ನಕ್ಕು ಮುಂದೆ ಹೋಗುತ್ತಿದ್ದರು.

ಆ ವರ್ಷ ಹೊಸದಾಗಿ ಬಂದ ಸಂಶೋಧಕಿ ಮಾತ್ರ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅವಳು ಇರಲಿಲ್ಲ ಎನ್ನುವುದೇ ಸರಿ.

ಅವಳ ಬಳಿ ಒಂದು ಹೊಸ ತಳಿಯ ಹನ್ನೊಂದು ಕಪ್ಪು ಇಲಿಗಳಿದ್ದವು. ಪ್ರತಿಯೊಂದರ ಚರ್ಮದ ಕೆಳಗೂ ಕಡಲೆಬೀಜದಷ್ಟು ದೊಡ್ಡ ಯಂತ್ರ ಕೂರಿಸಿದ್ದಳು. ಇಲಿ ತನ್ನ ಪಾಡಿಗೆ ಗೂಡಿನಲ್ಲಿ ಓಡಾಡಿಕೊಂಡಿದ್ದರೂ ಅದರ ರಕ್ತದೊತ್ತಡ ಮತ್ತು ಎದೆಬಡಿತ ಎರಡು ಗೆರೆಗಳಾಗಿ ಪರದೆಯ ಮೇಲೆ ಮೂಡುತ್ತಿದ್ದವು. ರಕ್ತದೊತ್ತಡ ಇಳಿದರೆ ಎದೆ ಜೋರಾಗಿ ಬಡಿದು ಅದನ್ನು ಎತ್ತಿ ಹಿಡಿಯಬೇಕು, ಏರಿದರೆ ನಿಧಾನಿಸಿ ತಗ್ಗಿಸಬೇಕು. ಆರೋಗ್ಯವಾಗಿರುವ ದೇಹದಲ್ಲಿ ಇದು ತಾನಾಗಿಯೇ ನಡೆಯುತ್ತದೆ. ಈ ತಳಿಯಲ್ಲೂ ನಡೆಯುತ್ತದೆಯೇ ಎಂಬುದೇ ಅವಳ ಪ್ರಶ್ನೆ.

ಉತ್ತರ ಇಲ್ಲ ಎಂದೇ ಬರುತ್ತಿತ್ತು. ಬೆನ್ನ ಮೇಲಿಂದ ಹೊರಬಂದ ಸಪೂರ ನಳಿಕೆಯ ಮೂಲಕ ಒತ್ತಡ ಇಳಿಸುವ ಔಷಧಿ ಕೊಟ್ಟರೆ ಮೊದಲ ಗೆರೆ ಜಾರುತ್ತಿತ್ತು, ಎರಡನೆಯದು ಕದಲುತ್ತಿರಲಿಲ್ಲ. ನಿಮಿಷಕ್ಕೆ ಏಳುನೂರ ಇಪ್ಪತ್ತು ಬಡಿತ, ಔಷಧಿಗೆ ಮುಂಚೆಯೂ ಅಷ್ಟೇ, ಆಮೇಲೂ ಅಷ್ಟೇ. ಮೂರು ವಾರ ಹೀಗೇ ಕಳೆಯಿತು. ಈ ತಳಿಗೆ ಆ ಶಕ್ತಿಯೇ ಇಲ್ಲ ಎಂದು ಬರೆದು ಮುಗಿಸಿ ಎಂದು ವಿಭಾಗದ ಮುಖ್ಯಸ್ಥರು ಹೇಳಿ ಹೋದರು.

ಅವರು ಹೋದ ಮೇಲೆ ಗೂಡಣ್ಣ ಬಾಟಲಿಗಳ ಬುಟ್ಟಿ ಕೆಳಗಿಟ್ಟ.

"ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಇಲಿಗಳು ಹೆದರಿವೆ."

"ಹೇಗೆ ಹೇಳ್ತೀರಾ?"

"ಬಾಲ ಹಿಡಿದು ಎತ್ತುತ್ತೀರಲ್ಲ, ಆಗ್ಲೇ ಅವುಗಳ ಜೀವ ಬಾಯಿಗೆ ಬಂದಿರುತ್ತೆ. ನಳಿಕೆ ಸಿಕ್ಕಿಸಿ ಹತ್ತು ನಿಮಿಷಕ್ಕೇ ಔಷಧಿ ಬಿಡ್ತೀರಾ. ಮೊದಲೇ ಉಸಿರುಗಟ್ಟಿ ಓಡ್ತಿರೋನಿಗೆ ಇನ್ನೂ ಓಡು ಅಂದ್ರೆ ಎಲ್ಲಿಗೆ ಓಡ್ತಾನೆ?"

ಸಂಶೋಧಕಿ ಪರದೆಯ ಮೇಲಿದ್ದ ಏಳುನೂರ ಇಪ್ಪತ್ತನ್ನು ನೋಡಿದಳು. "ನಿಮಗೆ ಎಷ್ಟು ದಿನ ಬೇಕು?" ಎಂದು ಕೇಳಿದಳು.

ಅವನು ಹತ್ತು ದಿನ ಕೇಳಿದ. ಅಷ್ಟೂ ದಿನ ಬೆಳಿಗ್ಗೆ ಮತ್ತು ಮಧ್ಯಾಹ್ನ ಹನ್ನೊಂದು ಗೂಡುಗಳ ಮುಂದೆ ಒಂದೊಂದಾಗಿ ಕೂತ. ಮೊದಲು ಗೂಡಿನೊಳಗೆ ಸುಮ್ಮನೆ ಕೈ ಇಟ್ಟುಕೊಂಡಿರುತ್ತಿದ್ದ. ಆಮೇಲೆ ಒಂದು ರಟ್ಟಿನ ಕೊಳವೆ. ಇಲಿ ತಾನಾಗಿ ಅದರೊಳಗೆ ಹೊಕ್ಕರೆ ಕೊಳವೆಯ ಸಮೇತ ಎತ್ತಿ ಬೊಗಸೆಗೆ ಇಳಿಸಿಕೊಳ್ಳುತ್ತಿದ್ದ. ಕೊಳವೆಯ ತುದಿಗೇ ಕೂತು ಊಟಕ್ಕೆ ಕರೆಯದ ನೆಂಟರ ಹಾಗೆ ಮುಖ ತಿರುಗಿಸಿಕೊಳ್ಳುತ್ತಿದ್ದ ಒಂದು ಡುಮ್ಮ ಇಲಿಗೆ ಸಾಹೇಬ್ರು ಎಂದು ಹೆಸರಿಟ್ಟ. ಇಷ್ಟು ವರ್ಷಗಳಲ್ಲಿ ಅವನು ಇಲಿಗೆ ಹೆಸರಿಟ್ಟಿದ್ದು ಕಡಿಮೆ. ಅವುಗಳ ಆಯುಸ್ಸು ಪ್ರಯೋಗ ಮುಗಿಯುವವರೆಗೆ ಮಾತ್ರ ಎಂಬುದು ಅವನಿಗೆ ಗೊತ್ತಿತ್ತು. ಎಂಟನೇ ದಿನ ಸಾಹೇಬ್ರು ಬೊಗಸೆಯಲ್ಲಿ ಕೂತು ಮೀಸೆ ತೀಡಿಕೊಂಡರು. ಸಂಶೋಧಕಿಗೂ ಅವನು ಅದನ್ನೇ ಕಲಿಸಿದ.

ಹನ್ನೊಂದನೇ ದಿನ ಬೆಳಿಗ್ಗೆ ಅವಳೇ ಸಾಹೇಬ್ರನ್ನು ಎತ್ತಿ, ನಳಿಕೆ ಸಿಕ್ಕಿಸಿ, ಗೂಡಿಗೆ ಬಿಟ್ಟು, ಬಾಗಿಲು ಮುಂದಕ್ಕೆಳೆದು ಬಂದಳು. ಇಬ್ಬರೂ ಪಕ್ಕದ ಕೋಣೆಯಲ್ಲಿ ಪರದೆಯ ಮುಂದೆ ಕೂತರು. ಎರಡು ಗಂಟೆ ಅವಳು ಏನನ್ನೂ ಮುಟ್ಟಲಿಲ್ಲ. ಎದೆಬಡಿತದ ಗೆರೆ ಆರುನೂರಕ್ಕೆ ಬಂತು, ಐನೂರ ಐವತ್ತಕ್ಕೆ ಬಂತು, ಕೊನೆಗೆ ನಾನೂರ ಎಂಬತ್ತರಲ್ಲಿ ನಿಂತಿತು.

"ನಿದ್ದೆ ಮಾಡ್ತಿದಾರೆ ಸಾಹೇಬ್ರು," ಎಂದ ಗೂಡಣ್ಣ ಪಿಸುದನಿಯಲ್ಲಿ.

ಅವಳು ಗೋಡೆ ದಾಟಿ ಬಂದಿದ್ದ ನಳಿಕೆಯ ಈ ತುದಿಯಿಂದ ಒಂದು ಹನಿ ಔಷಧಿ ಬಿಟ್ಟಳು. ಮೇಲಿನ ಒತ್ತಡದ ಗೆರೆ ಜಾರತೊಡಗಿತು. ಅದು ಜಾರುತ್ತಿದ್ದಂತೆಯೇ, ಕಣ್ಣು ಮಿಟುಕಿಸುವಷ್ಟರಲ್ಲಿ, ಕೆಳಗಿನ ಬಡಿತದ ಗೆರೆ ಎದ್ದಿತು. ಐನೂರ ಇಪ್ಪತ್ತು, ಐನೂರ ತೊಂಬತ್ತು, ಆರುನೂರ ನಲವತ್ತು. ಬೀಳುತ್ತಿದ್ದವನ ರಟ್ಟೆಯನ್ನು ಯಾರೋ ಹಿಡಿದ ಹಾಗೆ ಮೇಲಿನ ಗೆರೆ ನಿಂತಿತು, ನಿಧಾನವಾಗಿ ಮೊದಲಿನ ಎತ್ತರಕ್ಕೆ ಮರಳಿತು. ಕೆಳಗಿನದೂ ಅಷ್ಟೇ ನಿಧಾನವಾಗಿ ಇಳಿಯಿತು. ಅರ್ಧ ಗಂಟೆ ಬಿಟ್ಟು ಒತ್ತಡ ಏರಿಸುವ ಔಷಧಿ ಕೊಟ್ಟಳು. ಈ ಸಲ ಎದೆಬಡಿತ ಮುನ್ನೂರಕ್ಕೆ ಕುಸಿಯಿತು, ಒತ್ತಡ ತಗ್ಗುತ್ತಾ ಬಂದಂತೆ ಮತ್ತೆ ಮೇಲೆ ಬಂತು. ನಡುವಿನ ಗಾಜಿನ ಕಿಟಕಿಯಾಚೆ ಸಾಹೇಬ್ರು ಹೊಟ್ಟಿನ ಗುಪ್ಪೆಯಲ್ಲಿ ಮೂಗು ಹುದುಗಿಸಿ ಮಲಗಿಯೇ ಇದ್ದರು.

ಸಾವಿರಾರು ಇಲಿಗಳನ್ನು ಗೂಡಣ್ಣ ಕೈಯಲ್ಲಿ ಹಿಡಿದಿದ್ದ. ಆ ಬಿಸಿ ಉಂಡೆಯೊಳಗೆ ಇಂಥದ್ದೊಂದು ನಡೆಯುತ್ತಿದೆ ಎಂದು ಒಮ್ಮೆಯೂ ಅಂದುಕೊಂಡಿರಲಿಲ್ಲ.

"ಯಾರು ಮಾಡ್ತಾರೆ ಇದನ್ನ?" ಎಂದು ಕೇಳಿದ.

"ಕತ್ತಿನ ರಕ್ತನಾಳದ ಗೋಡೇಲಿ ನರಗಳಿವೆ. ಗೋಡೆ ಎಷ್ಟು ಹಿಗ್ಗಿದೆ ಅಂತ ಪ್ರತಿ ಬಡಿತಕ್ಕೂ ಮಿದುಳಿಗೆ ಹೇಳ್ತವೆ. ಮಿದುಳು ಎದೆಗೆ ಹೇಳುತ್ತೆ. ಇಲಿಗೆ ಇದರ ಸುದ್ದೀನೇ ಇಲ್ಲ." ಅವಳ ದನಿಯೂ ತಗ್ಗಿತ್ತು. "ನಿಮ್ಮಲ್ಲೂ ಅಷ್ಟೇ ಗೂಡಣ್ಣ. ಕೂತವರು ಎದ್ದು ನಿಂತ್ರೆ ಅರ್ಧ ಲೀಟರ್‌ಗಿಂತ ಹೆಚ್ಚು ರಕ್ತ ಕಾಲಿಗೆ ಇಳಿಯುತ್ತೆ. ಆದ್ರೂ ತಲೆ ಸುತ್ತಿ ಬೀಳಲ್ಲ. ಎದ್ದಾಗಲೆಲ್ಲ ಇದು ನಡೆಯುತ್ತೆ."

ಅವನ ಮಣಿಕಟ್ಟಿನ ನಾಡಿಯ ಮೇಲೆ ಅವನದೇ ಬೆರಳು ಇರಿಸಿ, ಎದ್ದು ನಿಲ್ಲಲು ಹೇಳಿದಳು. ಅವನು ಎದ್ದ. ಬೆರಳ ಕೆಳಗೆ ನಾಡಿ ಚುರುಕಾಯಿತು. ಮತ್ತೆ ಕೂತ, ಮತ್ತೆ ಎದ್ದ. ಐವತ್ತೆಂಟು ವರ್ಷಗಳಲ್ಲಿ ಎಷ್ಟು ಸಾವಿರ ಸಲ ಎದ್ದಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ. ಒಂದು ಸಲವೂ ಯಾರಿಗೂ ಥ್ಯಾಂಕ್ಸ್ ಹೇಳಿರಲಿಲ್ಲ.

ಅಷ್ಟರಲ್ಲಿ ಅವನಿಗೆ ಹೆಂಡತಿಯ ನೆನಪಾಯಿತು.

ಅವನ ಹೆಂಡತಿ ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಬಿ.ಪಿ.ಗೆ ಮಾತ್ರೆ ನುಂಗುತ್ತಿದ್ದಳು. ಎರಡು ತಿಂಗಳ ಹಿಂದೆ ಇನ್ನೊಂದು ಮಾತ್ರೆ ಸೇರಿತ್ತು. ಆಮೇಲಿಂದ ಎದ್ದಾಗಲೆಲ್ಲ ಕಣ್ಣು ಕತ್ತಲೆ. ಎರಡು ಸಲ ಬಿದ್ದಿದ್ದಳು, ಒಮ್ಮೆ ಒಲೆಯ ಪಕ್ಕದಲ್ಲೇ. "ವಯಸ್ಸಾಯ್ತು ಬಿಡಿ, ಕಾಲು ಹೊರಟ ಮೇಲೆ ತಲೆ ಹೊರಡುತ್ತೆ," ಎಂದು ನಗುತ್ತಿದ್ದಳು. ಅವಳ ತಮ್ಮನಂತೂ, ಅಕ್ಕನಿಗೆ ಮನೆಗೆಲಸ ತಪ್ಪಿಸಿಕೊಳ್ಳಲು ಹೊಸ ದಾರಿ ಸಿಕ್ಕಿದೆ ಎಂದು ರೇಗಿಸಿದ್ದ.

ಸಂಜೆ ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿದ್ದ ಅವಳ ಮಣಿಕಟ್ಟು ಹಿಡಿದ.

"ಏನ್ರೀ ಇದು, ಈ ವಯಸ್ಸಲ್ಲಿ."

"ಸುಮ್ನಿರು. ಎಣಿಸ್ತಿದೀನಿ." ಅರವತ್ತೆರಡು. "ಈಗ ಮೆಲ್ಲಗೆ ಏಳು."

ಅವಳು ಎದ್ದಳು. ಅವನು ಬೆರಳಿಟ್ಟುಕೊಂಡೇ ಕಾದ. ನಾಡಿ ಚುರುಕಾಗಲಿಲ್ಲ. ಅರವತ್ತನಾಲ್ಕು, ಅಷ್ಟೇ. ಅವಳ ತುಟಿ ಬಿಳುಚಿತು. ಇನ್ನೊಂದು ಕೈ ಕಪಾಟಿನ ಅಂಚನ್ನು ಹುಡುಕಿತು. ಅವನು ತೋಳಿನಿಂದ ಬಳಸಿ ಅವಳನ್ನು ಕೂರಿಸಿದ. ಅವನ ಎದೆ ಮಾತ್ರ ಇಬ್ಬರ ಪಾಲಿನದನ್ನೂ ಬಡಿಯುತ್ತಿತ್ತು.

ಮರುದಿನ ರಜೆ ಹಾಕಿ ಅವಳನ್ನು ವೈದ್ಯರ ಬಳಿ ಕರೆದುಕೊಂಡು ಹೋದ. ಎಂದಿನಂತೆ ವೈದ್ಯರು ಅವಳನ್ನು ಕೂರಿಸಿಯೇ ತೋಳಿಗೆ ಪಟ್ಟಿ ಸುತ್ತಿದರು. ನೂರ ಮೂವತ್ತೆಂಟು ಎಂದರು.

"ಡಾಕ್ಟ್ರೇ, ಇವಳನ್ನ ಎಬ್ಬಿಸಿ ನಿಲ್ಲಿಸಿ ಒಂದ್ಸಲ ನೋಡ್ತೀರಾ?" ಎಂದ ಗೂಡಣ್ಣ. "ನಿಂತಾಗ ನಾಡಿ ಏಳ್ತಾ ಇಲ್ಲ."

ವೈದ್ಯರು ತಲೆಯೆತ್ತಿದರು. "ನೀವು ಏನು ಕೆಲಸ ಮಾಡ್ತೀರಾ?"

"ಇಲಿ ಸಾಕ್ತೀನಿ."

ಅವಳನ್ನು ನಿಲ್ಲಿಸಿ ಮೂರು ನಿಮಿಷ ಬಿಟ್ಟು ನೋಡಿದರು. ಒತ್ತಡ ತೊಂಬತ್ತಾರು. ವೈದ್ಯರು ಇನ್ನೊಮ್ಮೆ ನೋಡಿದರು. ಆಮೇಲೆ ಚೀಟಿಯಲ್ಲಿದ್ದ ಹೊಸ ಮಾತ್ರೆಯ ಹೆಸರಿನ ಮೇಲೆ ಬೆರಳಿಟ್ಟರು. ಅದು ಒತ್ತಡವನ್ನು ಇಳಿಸುವುದಲ್ಲದೆ ಎದೆಬಡಿತವನ್ನೂ ಏಳಗೊಡುವುದಿಲ್ಲ, ಇವರಿಗೆ ಅದು ಹೆಚ್ಚಾಗಿದೆ ಎಂದರು. "ಎಬ್ಬಿಸಿ ನಿಲ್ಲಿಸಿ ನೋಡಬೇಕಿತ್ತು, ನೋಡಲಿಲ್ಲ," ಎಂದು ಅವರೇ ಒಪ್ಪಿಕೊಂಡರು. ಒಮ್ಮೆಲೇ ಬಿಡಬೇಡಿ ಎಂದು, ದಿನ ಬಿಟ್ಟು ದಿನ ಹೇಗೆ ತಗ್ಗಿಸಬೇಕೆಂದು ಬರೆದುಕೊಟ್ಟರು. ಹಾಸಿಗೆಯಿಂದ ಏಳುವ ಮೊದಲು ಅಂಚಿನಲ್ಲಿ ಕೂತು ಪಾದ ಆಡಿಸಬೇಕು ಎಂದೂ ಹೇಳಿದರು.

ಮೂರು ವಾರ ಕಳೆಯುವಷ್ಟರಲ್ಲಿ ಅವಳು ಕಪಾಟು ಹಿಡಿಯುವುದನ್ನು ಬಿಟ್ಟಿದ್ದಳು. ಗೋಡೆಯ ಕ್ಯಾಲೆಂಡರಿನ ಮೇಲೆ ದಿನವೂ ನಾಡಿಯ ಎರಡು ಸಂಖ್ಯೆ ಬರೆಯುತ್ತಿದ್ದಳು, ಕೂತಾಗಿನದು ಮತ್ತು ನಿಂತಾಗಿನದು. ಎಪ್ಪತ್ತು, ಎಂಬತ್ತನಾಲ್ಕು. ತಮ್ಮ ಬಂದಾಗ ಅವನನ್ನೂ ಕೂರಿಸಿ, ಎಬ್ಬಿಸಿ, ಎಣಿಸಿ, ಪರವಾಗಿಲ್ಲ ಪಾಸು ಎಂದಳು.

ಆಮೇಲೆ ಅವಳಿಗೆ ಗಂಡ ಹೇಳುತ್ತಿದ್ದ ಆ ಇಲಿಗಳನ್ನು ನೋಡಲೇಬೇಕು ಎಂಬ ಹಟ ಹಿಡಿಯಿತು. ಪ್ರಾಣಿಮನೆಯೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಸಂಶೋಧಕಿ ಅನುಮತಿ ಪಡೆದು ಪರದೆಯ ಕೋಣೆಯವರೆಗೆ ಕರೆದುಕೊಂಡು ಬಂದಳು. ಹನ್ನೊಂದರಲ್ಲಿ ಒಂಬತ್ತು ಇಲಿಗಳ ಅಳತೆ ಮುಗಿದಿತ್ತು. ಒಂಬತ್ತರಲ್ಲೂ ಆ ಶಕ್ತಿ ಗಟ್ಟಿಯಾಗಿತ್ತು. ಮುಖ್ಯಸ್ಥರು ಎರಡು ಸಲ ಬಂದು ನೋಡಿ ಹೋಗಿದ್ದರು. ಅಂದು ಹತ್ತನೆಯದರ ಸರದಿ.

ತರಗತಿಯಲ್ಲೂ ಮನೆಯಲ್ಲೂ ಒಂದು ಗಳಿಗೆ ಸುಮ್ಮನಿರದ ಹೆಂಗಸು ಆ ದಿನ ಕನ್ನಡಕ ಒರೆಸಿ ಹಾಕಿಕೊಂಡು ಪರದೆಯ ಮುಂದೆ ಕೂತಳು. ಒತ್ತಡದ ಗೆರೆ ಜಾರಿತು. ಬಡಿತದ ಗೆರೆ ಎದ್ದು ಬಂತು. ಅವಳ ಕೈ ಬಾಯಿಯ ಮೇಲೆ ಹೋಯಿತು. ಎರಡು ಗೆರೆಗಳೂ ತಂತಮ್ಮ ಜಾಗಕ್ಕೆ ಮರಳುವವರೆಗೂ ಅದು ಅಲ್ಲೇ ಇತ್ತು.

ಅವಳು ಗಂಡನ ಕಡೆ ತಿರುಗಿದಳು.

"ಇನ್ನೊಂದ್ಸಲ ತೋರ್ಸೋಕೆ ಹೇಳ್ರೀ," ಎಂದಳು.