ಎಂಟು ಬೆರಳಿನ ಅಡುಗೆ

ಮೂರನೆಯ ಡಬ್ಬಿಯಲ್ಲೂ ಬೇಳೆ ಸಿಗಲಿಲ್ಲ. ಮೊದಲನೆಯದರಲ್ಲಿ ಕಲ್ಲುಪ್ಪಿತ್ತು, ಎರಡನೆಯದರಲ್ಲಿ ಒಣಗಿಸಿಟ್ಟ ನಿಂಬೆಸಿಪ್ಪೆ, ಮೂರನೆಯದರಲ್ಲಿ ರಬ್ಬರ್ ಬ್ಯಾಂಡುಗಳು. ಅವಳು ಮುಚ್ಚಳಗಳನ್ನು ಹಾಗೇ ಬಿಟ್ಟು ಸ್ಟೂಲ್ ಹತ್ತಿ ಮೇಲಿನ ಹಲಗೆಗೆ ಕೈ ಚಾಚಿದಳು.

"ಏನೇ ಹುಡುಕ್ತಿದೀಯ? ಬಾ, ಬಂದು ಅವನ ಪಕ್ಕ ಕೂತ್ಕೋ." ಓರಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕರೆದಳು. "ಬಂದೋರೆಲ್ಲ ನಿನ್ನನ್ನೇ ಕೇಳ್ತಿದಾರೆ."

"ಬೇಳೆ ಅಕ್ಕ. ಎಲ್ಲಿಟ್ಟಿದಾರೋ ಗೊತ್ತಾಗ್ತಿಲ್ಲ."

"ನಿನ್ನ ಮನೇಲಿ ಬೇಳೆ ಎಲ್ಲಿದೆ ಅಂತ ನಿಂಗೇ ಗೊತ್ತಿಲ್ವಾ?"

ಹನ್ನೊಂದು ವರ್ಷದಿಂದ ಈ ಡಬ್ಬಿಗಳನ್ನು ತೆರೆಯುತ್ತಿದ್ದ ಗಂಡ ಮುಂದಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ. ನಿನ್ನೆ ಬೆಳಿಗ್ಗೆ ತರಕಾರಿಗೆಂದು ಖಾಲಿ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದ. ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಎಲ್ಲ ಮುಗಿದಿತ್ತು. ದಿನದ ತರಕಾರಿ ಆ ದಿನವೇ ತರುವವನಾದ್ದರಿಂದ ಫ್ರಿಜ್ಜಿನಲ್ಲಿ ಒಂದು ಹಸಿಮೆಣಸಿನಕಾಯಿಯೂ ಉಳಿದಿರಲಿಲ್ಲ.

ಒಳಕೋಣೆಯಲ್ಲಿ ಅತ್ತೆ ಮಂಚದ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಎಂಬತ್ತಾರರ ಮುದುಕಿ. ನೆನಪು ಕೈಕೊಟ್ಟು ಮೂರು ವರ್ಷವಾಗಿತ್ತು. ಮಗ ಹೋದನೆಂದು ನಿನ್ನೆ ರಾತ್ರಿ ಹೇಳಿದಾಗ ಎದೆ ಬಡಿದುಕೊಂಡು ಅತ್ತಳು. ಹತ್ತು ನಿಮಿಷ ಬಿಟ್ಟು, "ಅವನು ಇನ್ನೂ ಬರ್ಲಿಲ್ವಾ?" ಎಂದಳು. ಮತ್ತೆ ಹೇಳಿದರು, ಮತ್ತೆ ಹೊಸದಾಗಿ ಅತ್ತಳು. ಮೂರನೆಯ ಸಲ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ನಿನ್ನೆಯಿಂದ ಅವಳ ಹೊಟ್ಟೆಗೆ ಹೋಗಿದ್ದು ಅರ್ಧ ಲೋಟ ಹಾಲು.

ಕೂತರೆ ಕಾಲಿಗೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ಅವಳು ಸ್ಟೂಲಿನಿಂದ ಇಳಿದು ಬಾಗಿಲ ಹಿಂದಿನ ಚೀಲ ತೆಗೆದುಕೊಂಡಳು. ಮುಂದಿನ ಕೋಣೆಯಲ್ಲಿ ಭಾವ ಮೊಬೈಲನ್ನು ಕಿವಿಯಿಂದ ಇಳಿಸಿ ಅಡ್ಡ ಬಂದ.

"ಎಲ್ಲಿಗೆ?"

"ತರಕಾರಿಗೆ."

"ಹೆಣ ಮನೇಲಿಟ್ಕೊಂಡು ತರಕಾರಿಗಾ?" ಎಂದವನು ಸುತ್ತ ಕೂತವರನ್ನು ನೋಡಿ ದನಿ ತಗ್ಗಿಸಿದ. "ಎಲ್ರಿಗೂ ಊಟದ ಪ್ಯಾಕೆಟ್ ಹೇಳಿದೀನಿ. ಹನ್ನೆರಡಕ್ಕೆ ಸ್ಮಶಾನಕ್ಕೆ ಒಯ್ಯೋ ವ್ಯಾನ್ ಬರುತ್ತೆ. ನೀನೀಗ ಹೊರಗೆ ಹೋದ್ರೆ ನೋಡ್ದೋರು ಏನಂತಾರೆ?"

"ಅತ್ತೆ ಆ ಪ್ಯಾಕೆಟ್ ಮುಟ್ಟಲ್ಲ ಭಾವ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

*

ಬೀದಿಯ ತುದಿಯ ಅಂಗಡಿಗೆ ಹೋಗಿ ಸೋರೆಕಾಯಿಗೆ ಕೈ ಹಾಕಿದವಳು ಬೆಲೆ ನೋಡಿ ಹಿಂದೆಗೆದಳು. ಅವನು ಇಲ್ಲಿ ಕಾಲಿಟ್ಟವನಲ್ಲ. ರೈಲ್ವೆ ಗೇಟಿನಾಚೆಯ ಸಂತೆಗೆ ನಡೆದೇ ಹೋಗುತ್ತಿದ್ದ. ಇಪ್ಪತ್ತು ನಿಮಿಷದ ದಾರಿ. ಅವಳೂ ಆ ಕಡೆಗೇ ಓಡುನಡಿಗೆಯಲ್ಲಿ ನಡೆದಳು. ಯಾಕೆಂದು ಕೇಳಿದ್ದರೆ ಹೇಳಲು ಅವಳಿಗೂ ತಿಳಿಯುತ್ತಿರಲಿಲ್ಲ.

ಸಂತೆಯ ಮೂಲೆಯಲ್ಲಿ ಗೋಣಿ ಹಾಸಿ ಕೂತಿದ್ದ ತರಕಾರಿಯವಳು ಚೀಲ ನೋಡಿಯೇ ಗುರುತು ಹಿಡಿದಳು. ಚೀಲದ ಬಾಯಿಗೆ ಪುಸ್ತಕದ ಬೆನ್ನಿಗೆ ಹಾಕುವಂಥ ಹೊಲಿಗೆ ಹಾಕಿತ್ತು.

"ಎಂಟು ಬೆರಳಣ್ಣನ ಮನೆಯೋರಾ? ನಿನ್ನೆ ಅಣ್ಣ ಬರ್ಲೇ ಇಲ್ಲ. ಅರ್ಧ ಸೋರೆಕಾಯಿ ಎತ್ತಿಟ್ಟು ಕಾದೆ. ಎಲ್ಲಿ ಅವ್ರು?"

"ನಿನ್ನೆ ಸಂಜೆ ಹೋಗ್ಬಿಟ್ರು."

ತರಕಾರಿಯವಳ ಕೈಯಲ್ಲಿದ್ದ ತಕ್ಕಡಿ ಒಂದು ಕಡೆಗೆ ವಾಲಿ ನಿಂತಿತು. ಆಮೇಲೆ ಬುಟ್ಟಿಯ ತಳಕ್ಕೆ ಕೈ ಹಾಕಿ ಒಳ್ಳೊಳ್ಳೆಯ ಎಳೆ ಕಾಯಿಗಳನ್ನು ಆರಿಸತೊಡಗಿದಳು.

"ಬೇಡ. ಅವರು ಏನು ತಗೋತಿದ್ರೋ ಅದನ್ನೇ ಕೊಡಿ," ಎಂದಳು ಇವಳು. "ಅತ್ತೆಗೆ ಊಟ ಮಾಡಿಸ್ಬೇಕು. ಏನ್ ಮಾಡ್ತಿದ್ರು ಅಂತ ನನಗೆ ಸರಿಯಾಗಿ ಗೊತ್ತಿಲ್ಲ."

"ಅಯ್ಯೋ, ನಂಗೊತ್ತು. ಮೊದ್ಲು ಕಲಿಸಿದ್ದೇ ನಾನು. ಆಮೇಲೆ ನಂಗೇ ಪಾಠ ಹೇಳೋರು ಪುಣ್ಯಾತ್ಮ." ಅವಳು ಸೊಟ್ಟಗಿದ್ದ ಕ್ಯಾರೆಟ್ ಎರಡು, ಅರ್ಧ ಸೋರೆಕಾಯಿ, ಒಂದು ನಿಂಬೆಹಣ್ಣು, ತುದಿ ಹರಿದ ಸೊಪ್ಪಿನ ಕಟ್ಟು ಒಂದೊಂದಾಗಿ ಚೀಲಕ್ಕೆ ಹಾಕುತ್ತ ಹೇಳಿದಳು: "ಗೋಧಿನುಚ್ಚು ಒಂದು ಹಿಡಿ, ಹೆಸರುಬೇಳೆ ಒಂದು ಹಿಡಿ, ತರಕಾರಿ ಎರಡು ಹಿಡಿ. ನೀರು ಜಾಸ್ತಿ. ನುಣ್ಣಗೆ ಬೇಯಿಸಿ, ಇಳಿಸಿದ ಮೇಲೆ ಸೊಪ್ಪು ಹಾಕಿ ಮುಚ್ಬೇಕು. ಉಣ್ಣೋ ಹೊತ್ತಿಗೆ ನಾಲ್ಕು ಹನಿ ನಿಂಬೆ. ಇನ್ನೊಂದ್ ಕೇಳಿ. ತಿನ್ಸಕ್ಕೆ ಹೋದ್ರೆ ಆಯಮ್ಮ ಬಾಯಿ ಬಿಡಲ್ವಂತೆ. ತಟ್ಟೆ ಕೊಟ್ಟು, ಎದುರಿಗೆ ಕೂತು ನಾವೂ ಉಣ್ಬೇಕಂತೆ. ಆಗ್ಲೇ ಆಯಮ್ಮ ಉಣ್ಣೋದು."

ಇದು ಅವಳಿಗೆ ಗೊತ್ತಿರಲಿಲ್ಲ. ಕೆಲಸದ ದಿನ ಮಧ್ಯಾಹ್ನ ಅವಳು ಮನೆಯಲ್ಲಿ ಇರುತ್ತಿರಲಿಲ್ಲ. ರಜೆಯ ದಿನ ಮೂವರೂ ಒಟ್ಟಿಗೆ ಉಣ್ಣುತ್ತಿದ್ದುದರಿಂದ ಗಮನಕ್ಕೂ ಬಂದಿರಲಿಲ್ಲ.

ಅವಳು ಹಣ ಚಾಚಿದಾಗ ತರಕಾರಿಯವಳು ಒಂದು ಕ್ಷಣ ಅನುಮಾನಿಸಿ ತೆಗೆದುಕೊಂಡಳು. "ಬೇಡ ಅನ್ನಬೋದಿತ್ತು. ಆದ್ರೆ ಅಣ್ಣ ಒಂದು ಕಡ್ಡಿ ಕರಿಬೇವೂ ಬಿಟ್ಟಿ ಮುಟ್ಟಿದೋರಲ್ಲ. ಚೌಕಾಸಿ ಮಾತ್ರ ಪ್ರಾಣ ಹಿಂಡೋ ಹಂಗೆ ಮಾಡೋರು." ಚಿಲ್ಲರೆ ಕೊಡುತ್ತ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

*

ಅವನು ಪುಸ್ತಕದ ಬೈಂಡಿಂಗ್ ಕೆಲಸದವನು. ಹನ್ನೊಂದು ವರ್ಷದ ಹಿಂದೆ ಕಾಗದ ಕತ್ತರಿಸುವ ಯಂತ್ರ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ಗಾಯ ಮಾಯಿತು, ಕೆಲಸ ಹೋಯಿತು. ಆಗ ಅವಳು ರೈಲು ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಗುಮಾಸ್ತೆ. ಒಬ್ಬರ ಸಂಬಳ, ಮೂರು ಹೊಟ್ಟೆ, ಅತ್ತೆಯ ಸಕ್ಕರೆ ಕಾಯಿಲೆಯ ಔಷಧಿ.

ಒಂದು ಬೆಳಿಗ್ಗೆ ಅವನು ತಾನಾಗಿಯೇ ಚೀಲ ಎತ್ತಿಕೊಂಡ. ಮೊದಲ ವಾರ ಅನ್ನ ತಳ ಹಿಡಿಯಿತು, ಸಾರು ಸಮುದ್ರವಾಯಿತು. ಅವಳು ತಟ್ಟೆ ದೂಡಿ, "ಬಿಡಿ, ನಾನೇ ಎದ್ದು ಮಾಡಿಟ್ಟು ಹೋಗ್ತೀನಿ," ಎಂದಳು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ," ಎಂದ ಅವನು. "ನಂದು ಎರಡು ಬೆರಳು ಕಮ್ಮಿ. ಮೊಸರು ಬೇಡ, ಮಜ್ಜಿಗೆ ಆಗೋವರೆಗಾದ್ರೂ ತಡ್ಕೋ."

ತಡೆದುಕೊಂಡಳು. ಆರು ತಿಂಗಳಲ್ಲಿ ಎಣ್ಣೆ ಅರ್ಧಕ್ಕಿಳಿಯಿತು, ಅತ್ತೆಯ ಸಕ್ಕರೆ ಹತೋಟಿಗೆ ಬಂತು. ಏನೂ ಹಳಸಲಿಲ್ಲ, ಚೆಲ್ಲಲಿಲ್ಲ. ಸೊಪ್ಪಿನ ದಂಟು ಒಂದು ದಿನ ಪಲ್ಯವಾದರೆ ಮರುದಿನ ಸಾರಿಗೆ ಬೀಳುತ್ತಿತ್ತು. ಅವಳ ಊಟದ ಡಬ್ಬಿ ಕೌಂಟರಿನ ಹಿಂದಿನ ಕೋಣೆಯಲ್ಲಿ ಹೆಸರುವಾಸಿಯಾಯಿತು.

"ಯಾರು ಮಾಡೋದು ಇದನ್ನ?" ಎಂದು ಒಂದು ದಿನ ಯಾರೋ ಕೇಳಿದರು. ಅದಕ್ಕೆ ಸ್ವಲ್ಪ ಮುಂಚೆ ಅಲ್ಲಿ ಇನ್ನೊಬ್ಬಾಕೆಯ ಗಂಡನ ವಿಷಯ ಬಂದಿತ್ತು. ಹೆಂಡತಿಯ ದುಡಿಮೆ ತಿಂದು ಮನೆಯಲ್ಲಿ ಬಿದ್ದಿರುವವನೆಂದು ಎಲ್ಲರೂ ನಕ್ಕಿದ್ದರು. ಅವಳ ಬಾಯಿಂದ ಥಟ್ಟನೆ ಬಂತು: "ಅಡುಗೆಯವಳಿದಾಳೆ."

ಒಂದು ಸಲ ಹೇಳಿದ ಸುಳ್ಳನ್ನು ಸಾಕಲೇಬೇಕಾಯಿತು.

*

ಮನೆ ತಲುಪಿದಾಗ ಹನ್ನೊಂದೂ ಮುಕ್ಕಾಲು. ಮೆಟ್ಟಿಲ ಮೇಲೆಲ್ಲ ಚಪ್ಪಲಿಗಳು. ಭಾವ ಯಾರಿಗೋ ಹೇಳುತ್ತಿದ್ದ: "ಪ್ರೆಸ್‌ನಲ್ಲಿದ್ದ. ಒಳ್ಳೇ ಕೆಲಸಗಾರ."

ಓರಗಿತ್ತಿ ಎದುರು ಬಂದಳು. "ಅತ್ತೆಗೆ ಇನ್ಸುಲಿನ್ ಇಂಜೆಕ್ಷನ್ ಕೊಟ್ಬಿಟ್ಟೆ ಕಣೇ. ಹನ್ನೊಂದೂವರೆಗೆ ಇಂಜೆಕ್ಷನ್, ಹನ್ನೆರಡಕ್ಕೆ ಊಟ ಅಂತ ಅವನೇ ಬರೆದು ಫ್ರಿಜ್ಜಿಗೆ ಅಂಟಿಸಿದಾನಲ್ಲ. ನಾನೂ ದಿನಾ ಚುಚ್ಕೊಳೋಳೇ, ಕೈ ಪಳಗಿದೆ."

"ಊಟ ರೆಡಿ ಇಲ್ವಲ್ಲ ಅಕ್ಕ! ಹೊಟ್ಟೇಲಿ ಏನೂ ಇಲ್ಲ, ಸಕ್ಕರೆ ಇಳಿದ್ಬಿಡುತ್ತೆ!"

"ಪ್ಯಾಕೆಟ್ ಬಂದಿದೆಯಲ್ಲ..."

ಅವಳು ಆಗಲೇ ಅಡುಗೆಮನೆಯಲ್ಲಿದ್ದಳು. ನುಚ್ಚು ಕಣ್ಣೆದುರೇ ಸಿಕ್ಕಿತು. ಬೇಳೆ ಸಿಕ್ಕಿದ್ದು ಕುಕ್ಕರಿನೊಳಗೇ. ನಿನ್ನೆಯ ಅಡುಗೆಗೆಂದು ಒಂದು ಹಿಡಿ ಅಳೆದು ಹಾಕಿ, ಅವನು ತರಕಾರಿಗೆ ಹೊರಟಿದ್ದ. ಒಂದು ಕ್ಷಣ ಅದನ್ನೇ ನೋಡಿದಳು. ತೊಳೆದು, ಸೋರೆಕಾಯಿ ಹೆಚ್ಚಿ ಹಾಕಿ, ಉರಿ ದೊಡ್ಡದು ಮಾಡಿದಳು. ಚಾಕು ಬೆರಳಿಗೆ ತಾಗಿ ರಕ್ತ ಬಂತು. ನೀರಿಗೆ ಹಿಡಿದು ಸುಮ್ಮನಾದಳು.

ಒಳಕೋಣೆಯಿಂದ ಗದ್ದಲ ಕೇಳಿಸಿತು. ಓರಗಿತ್ತಿ ಪ್ಯಾಕೆಟ್ಟಿನ ಅನ್ನ ಬಾಯಿಗಿಟ್ಟರೆ ಅತ್ತೆ ಥೂ ಎಂದು ಉಗಿದಿದ್ದಳು. ಸಕ್ಕರೆ ನೀರು ಕುಡಿಸಲು ಹೋದರೆ ತುಟಿ ಬಿಗಿದುಕೊಂಡಳು. ಅರ್ಧ ಚಮಚ ಒಳಗೆ ಹೋಯಿತು, ಉಳಿದದ್ದು ಕತ್ತಿಗಿಳಿಯಿತು.

"ಬೆವರ್ತಿದಾಳೆ. ಕೈ ನಡುಗ್ತಿದೆ," ಭಾವ ಬಾಗಿಲಲ್ಲಿ ನಿಂತು ಹೇಳಿದ. ಬೆಳಗಿನಿಂದ ಮೊದಲ ಸಲ ಅವನ ಮೊಬೈಲು ಜೇಬಿನಲ್ಲಿತ್ತು. "ಆಂಬ್ಯುಲೆನ್ಸ್ ಕರೀಲಾ? ಎರಡು ದಿನದಲ್ಲಿ ಎರಡು..."

ಟಿಕೆಟ್ ಆಫೀಸಿನಿಂದ ಬಂದಿದ್ದ ಪಕ್ಕದ ಕೌಂಟರಿನಾಕೆ ಅಡುಗೆಮನೆಗೆ ಧಾವಿಸಿದಳು. "ಮೇಡಂ, ನಿಮ್ಮ ಅಡುಗೆಯವಳು ಎಲ್ಲಿ? ಫೋನ್ ಮಾಡಿ ಕರೆಸಿ. ದಿನಾ ಮಾಡಿ ಹಾಕೋಳ ಕೈಯಿಂದಾದ್ರೆ ತಿಂತಾರೇನೋ."

"ಯಾವ ಅಡುಗೆಯವಳು?" ಎಂದ ಭಾವ.

ಕೈಯಲ್ಲಿ ಸೊಪ್ಪು ಹಿಡಿದು ಅವಳು ಇಬ್ಬರನ್ನೂ ನೋಡಿದಳು.

*

ಎರಡು ವರ್ಷದ ಹಿಂದೆ ಒಂದು ದಿನ ಅವಳು ಡಬ್ಬಿ ಮರೆತು ಹೋಗಿದ್ದಳು. ಮಧ್ಯಾಹ್ನ ಇದೇ ಪಕ್ಕದ ಕೌಂಟರಿನಾಕೆ, "ಏನ್ ಮೇಡಂ, ಅಡುಗೆಯವಳು ಇವತ್ತು ಕೈ ಕೊಟ್ಟಳಾ?" ಎಂದು ಕೂಗಿ ಕೇಳಿದಳು. "ಹೂಂ, ಬಂದಿಲ್ಲ," ಎಂದು ತಲೆ ಎತ್ತಿದರೆ ಗಾಜಿನ ಆಚೆ ಅವನು ನಿಂತಿದ್ದ. ಕೈಯಲ್ಲಿ ಡಬ್ಬಿ, ಕತ್ತಿನಲ್ಲಿ ಬೆವರು. ಗಾಜಿನ ತೂತಿನಿಂದ ಮಾತೆಲ್ಲ ಅವನಿಗೆ ಕೇಳಿಸಿತ್ತು.

ಅವನು ಬಾಗಿ, ಟಿಕೆಟ್ ಕೊಡುವ ಕಿಂಡಿಯ ಪಕ್ಕದ ಬಾಗಿಲಿನಿಂದ ಡಬ್ಬಿ ಒಳಗೆ ಸರಿಸಿದ.

"ಮೇಡಂ, ನಿಮ್ಮ ಅಡುಗೆಯವಳು ಕೊಟ್ಟು ಕಳಿಸಿದ್ಲು," ಎಂದ. ತಿರುಗಿ ನೋಡದೆ ಹೋದ.

ಸಂಜೆ ತಟ್ಟೆ ಇಡುತ್ತ, "ಆ ಅಡುಗೆಯವಳಿಗೆ ಸಂಬಳ ಜಾಸ್ತಿ ಮಾಡು ಮಾರಾಯ್ತಿ, ಬಿಸಿಲಲ್ಲಿ ನಡೆಸ್ತೀಯ," ಎಂದು ನಕ್ಕ. ಕ್ಷಮಿಸಿ ಎನ್ನಬೇಕೆಂದು ಅವಳಿಗೆ ಅನ್ನಿಸಿತು. ಉಪ್ಪು ಬೇಕು ಎಂದಳು. ಅವನು ಮತ್ತೆಂದೂ ನಿಲ್ದಾಣದ ಕಡೆ ಬರಲಿಲ್ಲ. ಡಬ್ಬಿ ಮಾತ್ರ ಒಂದು ದಿನವೂ ತಪ್ಪಲಿಲ್ಲ.

*

"ಅಡುಗೆಯವಳು ಅಂತ ಯಾರೂ ಇಲ್ಲ," ಎಂದಳು ಅವಳು. ಸೊಪ್ಪು ಹಿಡಿದ ಕೈಯನ್ನೇ ಮುಂದಿನ ಕೋಣೆಯತ್ತ ಚಾಚಿದಳು. "ಅವ್ರೇ. ಹನ್ನೊಂದು ವರ್ಷ ಅಡುಗೆ, ಅತ್ತೆ, ಡಬ್ಬಿ, ಎಲ್ಲಾ ಅವ್ರೇ. ನಾನು ಎಲ್ರ ಹತ್ರ ಸುಳ್ಳು ಹೇಳ್ದೆ."

ಪಕ್ಕದ ಕೌಂಟರಿನಾಕೆ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದಳು. "ಬಂದಾಗಿಂದ ಎಲ್ಲೋ ನೋಡಿದ ಮುಖ ಅನ್ನಿಸ್ತಿತ್ತು... ಅವತ್ತು ಕಿಂಡಿ ಹತ್ರ..."

"ಹೂಂ. ಅವ್ರೇ."

ಭಾವ ನೆಲ ನೋಡಿದ. ತಮ್ಮ ಏನು ಮಾಡಿಕೊಂಡಿದ್ದಾನೆಂದು ಯಾರಾದರೂ ಕೇಳಿದಾಗ ಅವನೂ ಹನ್ನೊಂದು ವರ್ಷ ಪ್ರೆಸ್ ಎಂದೇ ಹೇಳುತ್ತ ಬಂದಿದ್ದ.

ಕುಕ್ಕರು ಕೂಗಿತು. ಅವಳು ಅದನ್ನು ನಲ್ಲಿಯ ಕೆಳಗೆ ಹಿಡಿದು ಆರಿಸಿ ತೆರೆದಳು, ಸೊಪ್ಪು ಹಾಕಿ ಕಲಸಿದಳು, ನಿಂಬೆ ಹಿಂಡಿದಳು. ಎರಡು ತಟ್ಟೆಗೆ ಬಡಿಸಿಕೊಂಡು ಒಳಕೋಣೆಗೆ ಹೋದಳು. ಒಂದನ್ನು ಅತ್ತೆಯ ಮಡಿಲಿಗಿಟ್ಟು ಕೈಗೆ ಚಮಚ ಕೊಟ್ಟಳು. ಇನ್ನೊಂದನ್ನು ಹಿಡಿದು ಎದುರಿಗೆ ನೆಲದ ಮೇಲೆ ಕೂತಳು.

"ಈಗ ನೀನು ಉಣ್ತೀಯಾ? ಅವನನ್ನ ಎತ್ತೋ ಮುಂಚೆ?" ಓರಗಿತ್ತಿ ಕೇಳಿದಳು.

ಅವಳು ಮೊದಲ ತುತ್ತು ಬಾಯಿಗಿಟ್ಟಳು. ನಾಲಿಗೆ ಸುಟ್ಟಿತು. ನುಂಗಿದಳು. ಅತ್ತೆ ಅವಳ ಬಾಯನ್ನೇ ನೋಡುತ್ತಿದ್ದಳು. ಎರಡನೆಯ ತುತ್ತು ಬಾಯಿಗಿಟ್ಟಳು. ಅದನ್ನೂ ನುಂಗಿದಳು. ಮೂರನೆಯದಕ್ಕೆ ಮುದುಕಿಯ ಚಮಚ ನಡುಗುತ್ತ ಮೇಲೆದ್ದಿತು, ಅರ್ಧ ಚೆಲ್ಲಿತು, ಅರ್ಧ ಬಾಯಿಗೆ ಹೋಯಿತು.

ಅತ್ತೆ ನಿಧಾನವಾಗಿ ಬಾಯಾಡಿಸಿದಳು. "ಇವತ್ತು ಉಪ್ಪು ಕಮ್ಮಿ," ಎಂದಳು. "ಅವನಿಗೆ ಹೇಳು."

"ಹೇಳ್ತೀನಿ ಅತ್ತೆ."

ಕೆಳಗೆ ವ್ಯಾನ್ ಹಾರ್ನ್ ಹೊಡೆಯಿತು. ಮುಂದಿನ ಕೋಣೆಯಲ್ಲಿ ಹೆಜ್ಜೆಗಳ ಸದ್ದು, ಯಾರೋ "ಹುಷಾರು, ಈ ಕಡೆ ತಿರುಗಿಸಿ," ಎಂದದ್ದು, ಭಾರ ಎತ್ತುವವರ ಉಸಿರು. ಅವಳು ಎದ್ದೇಳಲು ನೋಡಿದಳು. ಅವಳು ಅಲುಗಿದ ಕೂಡಲೇ ಅತ್ತೆಯ ಚಮಚವೂ ನಿಂತಿತು. ಅವಳು ಮತ್ತೆ ಕೂತಳು.

ಭಾವ ಬಾಗಿಲಿಗೆ ಬಂದ. "ಮೆಟ್ಟಿಲಿಗೆ ತಂದಾಯ್ತು. ನೀನು..." ಎಂದವನು ಎರಡು ತಟ್ಟೆಗಳನ್ನೂ ತಾಯಿಯ ಗಲ್ಲದ ಮೇಲಿದ್ದ ಬೇಳೆಯನ್ನೂ ನೋಡಿ ನಿಂತುಬಿಟ್ಟ.

"ಇನ್ನು ಸ್ವಲ್ಪ ಭಾವ. ನಾನೆದ್ರೆ ನಿಲ್ಲಿಸ್ಬಿಡ್ತಾರೆ."

ಅವನು ಮೆಟ್ಟಿಲ ಕಟಕಟೆಗೆ ಹೋಗಿ ಕೆಳಗೆ ಬಾಗಿದ.

"ಎಂಜಿನ್ ಆರಿಸಪ್ಪಾ. ಮೇಲೆ ಊಟ ನಡೀತಿದೆ."

ಎಂಜಿನ್ನಿನ ಸದ್ದು ನಿಂತಿತು. ಎರಡು ಮಹಡಿಗಳ ನಡುವಿನ ತಿರುವಿನಲ್ಲಿ ನಾಲ್ವರು ಹೆಗಲ ಭಾರವನ್ನು ಇಳಿಸಲೂ ಆಗದೆ ಮುಂದೆ ಸಾಗಲೂ ಆಗದೆ ನಿಂತಿದ್ದರು. ಒಬ್ಬ ಗೋಡೆಗೆ ಬೆನ್ನು ಕೊಟ್ಟ, ಇನ್ನೊಬ್ಬ ಹೆಗಲು ಬದಲಿಸಿದ. ಮೇಲಿನಿಂದ ಚಮಚ ತಟ್ಟೆಗೆ ತಾಗುವ ಸದ್ದು ಬಿಟ್ಟು ಬಿಟ್ಟು, ಒಂದೊಂದಾಗಿ, ಮೆಟ್ಟಿಲಿಳಿದು ಬರುತ್ತಿತ್ತು.